ಮೂವತ್ತು ಸಾವಿರ ಡಾಲರಿನ ತಮಟೆ

ಅಮೆರಿಕದ ಕೊಲರಾಡೊ ರಾಜ್ಯದ ಬೆಟ್ಟಗಳಲ್ಲಿ ಅಕ್ಟೋಬರ್ ಬಂತೆಂದರೆ ರೈಫಲ್ ಹಿಡಿದು ಎಲ್ಕ್ ಹೊಡೆಯುವ ಕಾಲ. ಎಲ್ಕ್ ಎಂದರೆ ನಮ್ಮ ಕಡವೆಗೆ ದೊಡ್ಡಪ್ಪನ ಮಗ ಅಂದುಕೊಳ್ಳಿ. ಬಲಿತ ಗಂಡು ಮುನ್ನೂರು ಕಿಲೋ ದಾಟುತ್ತದೆ. ಹೊರರಾಜ್ಯದವರು ಒಂದು ಗಂಡು ಹೊಡೆಯುವ ಪರವಾನಗಿಗೆ, ಅಲ್ಲಿಯ ಮಾತಿನಲ್ಲಿ ಟ್ಯಾಗಿಗೆ, ಸುಮಾರು ಎಂಟುನೂರು ಡಾಲರ್ ಕಟ್ಟಬೇಕು. ಕಟ್ಟಿದ ಮೇಲೆ ಶುರುವಾಗುವ ಮಡಿ ಇದೆಯಲ್ಲ, ಅದನ್ನು ನೋಡಬೇಕು.

ಮೈಗೆ ವಾಸನೆಯಿಲ್ಲದ ಸೋಪು. ಬಟ್ಟೆಗೆ ವಾಸನೆಯಿಲ್ಲದ ಸಾಬೂನುಪುಡಿ. ಒಗೆದ ಬಟ್ಟೆ ಗಾಳಿಯಾಡದ ಡಬ್ಬಿಯಲ್ಲಿ, ಜೊತೆಗೆ ಒಂದು ಹಿಡಿ ಪೈನ್ ಸೊಪ್ಪು. ಎಲ್ಕ್ ಕಣ್ಣನ್ನು ನಂಬದಿದ್ದರೂ ಮೂಗನ್ನು ನಂಬುವ ಪ್ರಾಣಿಯಾದ್ದರಿಂದ ಇಷ್ಟೆಲ್ಲ. ಆಮೇಲೆ ಎಲೆ-ಕಡ್ಡಿ ಚಿತ್ತಾರದ ಅಂಗಿ, ಚಲ್ಲಣ. ಅದರ ಮೇಲೆ ಕಾನೂನಿನ ಪ್ರಕಾರ 500 ಚದರ ಇಂಚು ಕಣ್ಣಿಗೆ ಹೊಡೆಯುವ ಕಿತ್ತಳೆ ಅಥವಾ ಗುಲಾಬಿ, ಟೋಪಿಗೂ ಅದೇ ಬಣ್ಣ. ಅದು ಇನ್ನೊಬ್ಬ ಬೇಟೆಗಾರನ ಗುಂಡಿನಿಂದ ತಪ್ಪಿಸಿಕೊಳ್ಳಲಿಕ್ಕೆ. ಎಲ್ಕ್ ಕಣ್ಣಿಗೆ ಕಿತ್ತಳೆ ನಮಗೆ ಕಂಡ ಹಾಗೆ ಕಾಣುವುದಿಲ್ಲ. ಹೀಗೆ ಶುಚಿರ್ಭೂತರಾದವರಲ್ಲಿ ಗಾಡಿಯಲ್ಲೇ ಕೂತು ಬೇಟೆಗೆ ಹೊರಡುವವರೂ ಇದ್ದಾರೆ, ಅವರನ್ನು ಗಾಡಿರಾಯರು ಅನ್ನೋಣ. ಈ ರಾಯರು ಮುಂದೆ ಮಾಡುವುದೇನು? ಸಾವಿರ ಸಿಸಿಯ ಪೆಟ್ರೋಲ್ ಗಾಡಿ ಹತ್ತಿ ಕೂರುತ್ತಾರೆ. ಗಾಡಿಗೂ ಅದೇ ಎಲೆ-ಕಡ್ಡಿ ಚಿತ್ತಾರದ ಸ್ಟಿಕ್ಕರ್ ಸುತ್ತಿಸಿರುತ್ತಾರೆ, ಕಾಡಿಗೆ ಗೊತ್ತಾಗದಿರಲಿ ಎಂದು.

ಈ ಗಾಡಿಗೆ ಅಲ್ಲಿ ಸೈಡ್-ಬೈ-ಸೈಡ್ ಅನ್ನುತ್ತಾರೆ. ನಾಲ್ಕು ದಪ್ಪ ಗಾಲಿ, ಸ್ಟೀರಿಂಗು, ಪಕ್ಕಪಕ್ಕದಲ್ಲಿ ಸೀಟು, ಸುತ್ತ ಕಬ್ಬಿಣದ ಪಂಜರ, ನೆತ್ತಿಯ ಮೇಲೆ ಉದ್ದನೆಯ ಎಲ್‌ಇಡಿ ಪಟ್ಟಿ. ಒಳ್ಳೆಯದು ಬೇಕೆಂದರೆ ಮೂವತ್ತು ಸಾವಿರ ಡಾಲರ್ ಆಯಿತು. ಹೀಟರಿಗೂ ಸ್ಪೀಕರಿಗೂ ಬೇರೆ ದುಡ್ಡು.

ಬೆಟ್ಟದ ಗಾಳಿಗೊಂದು ದಿನಚರಿ ಇದೆ. ರಾತ್ರಿ ತಣಿದ ಗಾಳಿ ಭಾರವಾಗಿ, ಬೆಳಗಿನ ಜಾವ ಇಳಿಜಾರಿನಲ್ಲಿ ನೀರಿನ ಹಾಗೆ ಕೆಳಕ್ಕೆ ಹರಿಯುತ್ತದೆ. ಬಿಸಿಲು ಬಿದ್ದು ನೆಲ ಕಾದ ಮೇಲೆ ಮೇಲಕ್ಕೇರುತ್ತದೆ. ನಡೆದು ಬೇಟೆಯಾಡುವವನು ಈ ಲೆಕ್ಕ ಹಿಡಿದು ನಾಲ್ಕು ಗಂಟೆಗೇ ಹೊರಟು, ಹುಲ್ಲುಗಾವಲಿನ ಕೆಳಗಿನ ಅಂಚಿನಲ್ಲಿ ಬಂದು ಕೂತಿರುತ್ತಾನೆ. ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದ ಗುಂಡು ಹಾರಿಸಬಹುದು. ರಾತ್ರಿಯೆಲ್ಲ ಮೇದ ಹಿಂಡು ಮರಗಳ ಕಡೆ ಸರಿಯುವುದೂ ಆ ಹೊತ್ತಿನಲ್ಲೇ. ಅವನು ವರ್ಷವಿಡೀ ಕಾದದ್ದು ಆ ಒಂದಿಷ್ಟು ನಿಮಿಷಗಳಿಗೆ.

ಸರಿಯಾಗಿ ಆಗಲೇ ರಾಯರ ಸವಾರಿ ಬರುತ್ತದೆ. ದಾರಿ ತುದಿಯಲ್ಲಿ ಇನ್ನೊಬ್ಬನ ಗಾಡಿ ನಿಂತಿದ್ದರೆ, ಒಳಗೆ ಒಬ್ಬ ಕೂತಿದ್ದಾನೆ, ನಾವು ಮುಂದಿನ ಕಣಿವೆಗೆ ಹೋಗೋಣ ಅನ್ನುವುದು ಅಲ್ಲಿಯ ಹಳೆಯ ಮರ್ಯಾದೆ. ಎಲ್ಲೂ ಬರೆದಿಟ್ಟಿಲ್ಲ, ಆದ್ದರಿಂದ ರಾಯರು ಓದಿಲ್ಲ. ಹುಲ್ಲುಗಾವಲಿನ ನೆತ್ತಿಯ ಮೇಲೆ ಗಾಡಿ ನಿಲ್ಲಿಸಿ, ಎಂಜಿನ್ ಆರಿಸದೆ, ಸೀಟಿನಿಂದಲೇ ದುರ್ಬೀನು ಎತ್ತುತ್ತಾರೆ. ಹತ್ತು ಪಟ್ಟಿನ ದುರ್ಬೀನು ನಡುಕವನ್ನೂ ಹತ್ತು ಪಟ್ಟು ಮಾಡಿ ತೋರಿಸುತ್ತದೆ. ಎಂಜಿನ್ನಿನ ಅದುರಿಗೆ ಎದುರಿನ ಗುಡ್ಡವೆಲ್ಲ ಭೂತ ಬಂದಂತೆ ಕುಣಿಯುತ್ತದೆ. 'ಏನೂ ಇಲ್ಲ' ಎಂದು ರಾಯರು ಕಾಫಿ ಬಗ್ಗಿಸಿಕೊಳ್ಳುತ್ತಾರೆ. ಎಂಜಿನ್ನಿನ ಹೊಗೆ ಇಳಿಗಾಳಿಯ ಜೊತೆ ಕೆಳಗೆ ಕೂತವನ ಮೂಗಿಗೆ ಬರುತ್ತದೆ. ಅದಕ್ಕೂ ಮೊದಲು ನಡುವೆ ನಿಂತಿದ್ದ ಎಲ್ಕ್‌ಗಳಿಗೆ ಬಂದಿರುತ್ತದೆ.

ಆರೆಗಾನ್ ರಾಜ್ಯದ ಸ್ಟಾರ್ಕಿ ಪ್ರಾಯೋಗಿಕ ಅರಣ್ಯದಲ್ಲಿ ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಬೇಲಿ ಹಾಕಿದ ದೊಡ್ಡ ಕಾಡಿನೊಳಗೆ ಎಲ್ಕ್‌ಗಳ ಕೊರಳಿಗೆ ರೇಡಿಯೊ ಪಟ್ಟಿ ಕಟ್ಟಿ, ಕಾಲ್ನಡಿಗೆಯವರು, ಕುದುರೆಯವರು, ಸೈಕಲ್ಲಿನವರು, ಎಟಿವಿ ಎಂಬ, ಬೈಕಿನಂತೆ ಕಾಲು ಚಾಚಿ ಕೂರುವ ನಾಲ್ಕು ಗಾಲಿಯ ಚಿಕ್ಕ ಗಾಡಿಯವರು, ಹೀಗೆ ಒಂದೊಂದು ಬಗೆಯವರನ್ನು ಬೇರೆ ಬೇರೆಯಾಗಿ ಬಿಟ್ಟರು. ಎಲ್ಕ್‌ಗಳನ್ನು ಎಲ್ಲರಿಗಿಂತ ಹೆಚ್ಚು ಓಡಿಸಿದ್ದು ಎಟಿವಿ.

ಓಡಿದವು ಎಲ್ಲಿಗೆ ಹೋಗುತ್ತವೆ ಅನ್ನುವುದೇ ಇಲ್ಲಿಯ ತಮಾಷೆ. ಮಲೆನಾಡಿನ ಹಳೆಯ ಸೋವು ಬೇಟೆ ನೆನಪಿಸಿಕೊಳ್ಳಿ. ಹತ್ತಾರು ಜನ ಕೂಗುತ್ತ, ತಮಟೆ ಬಡಿಯುತ್ತ ಹಳು ನುಗ್ಗುತ್ತಿದ್ದರು. ಎದ್ದ ಪ್ರಾಣಿ ಅತ್ತ ಕೋವಿ ಹಿಡಿದು ಕೂತವನ ಮುಂದೆ ಬರುತ್ತಿತ್ತು. ರಾಯರೂ ಹಳು ನುಗ್ಗುತ್ತಿದ್ದಾರೆ, ಬಹಳ ಚೆನ್ನಾಗಿಯೇ ನುಗ್ಗುತ್ತಿದ್ದಾರೆ. ಅವರ ಕೈಯಲ್ಲಿರುವುದು ಮೂವತ್ತು ಸಾವಿರ ಡಾಲರಿನ ತಮಟೆ ಅನ್ನುವುದೊಂದು ಅವರಿಗೆ ಗೊತ್ತಿಲ್ಲ. ಸಾರ್ವಜನಿಕ ಕಾಡಿನಲ್ಲಿ ಗದ್ದಲವಾದರೆ ಹಿಂಡು ಬೇಲಿ ಹಾರಿ, ದನ ಸಾಕುವವರ ಖಾಸಗಿ ಜಮೀನಾದ ರ್‍ಯಾಂಚ್ ಸೇರುತ್ತದೆ. ಅಲ್ಲಿ ಗಾಡಿಗಳ ಕಾಟವಿಲ್ಲ, ಕುಯ್ದುಬಿಟ್ಟ ಹುಲ್ಲಿದೆ, ಮತ್ತು ಸಾವಿರಾರು ಡಾಲರ್ ತೆತ್ತು ಬಂದ ಅತಿಥಿಯೊಬ್ಬ ಸದ್ದಿಲ್ಲದೆ ಕೂತಿದ್ದಾನೆ.

ಒಂದೊಂದು ಸಲ ಅದೃಷ್ಟ ಕೆಟ್ಟ ಎಲ್ಕ್ ಗಾಡಿಯ ಮುಂದೆಯೇ ದಾರಿ ದಾಟುತ್ತದೆ. ಆಗ ನಡೆಯುವುದು ಇದು. ಕೊಲರಾಡೊದಲ್ಲಿ ಇಂಥ ಗಾಡಿಯ ಮೇಲೆ ರೈಫಲ್ ಒಯ್ಯುವುದಾದರೆ ಚೇಂಬರಿನಲ್ಲೂ ಮ್ಯಾಗಜಿನ್ನಿನಲ್ಲೂ ಗುಂಡಿರಕೂಡದು, ರೈಫಲ್ ಪೂರ್ತಿ ಮುಚ್ಚಿದ ಚೀಲದೊಳಗೋ ಪೆಟ್ಟಿಗೆಯೊಳಗೋ ಇರಬೇಕು. ಗಾಡಿಯಿಂದ ಹೊಡೆಯುವ ಹಾಗಿಲ್ಲ. ಸಾರ್ವಜನಿಕ ರಸ್ತೆಯ ನಡುಗೆರೆಯಿಂದ 50 ಅಡಿ ಆಚೆ ಹೋಗಿಯೇ ಹೊಡೆಯಬೇಕು. ಅಂದರೆ ರಾಯರು ಬ್ರೇಕ್ ಒತ್ತಿ, ಬೆಲ್ಟ್ ಬಿಚ್ಚಿ, ಬಾಗಿಲ ಬಲೆ ಬಿಚ್ಚಿ, ಹಿಂದಿನ ಡಬ್ಬದಿಂದ ಚೀಲ ಎಳೆದು, ಕೆಸರು ಕಚ್ಚಿದ ಜಿಪ್ಪಿನೊಡನೆ ಗುದ್ದಾಡಿ, ಗುಂಡು ಯಾವ ಜೇಬಿನಲ್ಲಿದೆ ಎಂದು ತಡಕಾಡಿ, ದಪ್ಪ ಬೂಟಿನಲ್ಲಿ ಹದಿನೈದು ಮೀಟರ್ ಏದುಸಿರು ಬಿಡುತ್ತ ಓಡಬೇಕು. ಅಷ್ಟರಲ್ಲಿ ಎಲ್ಕ್ ಎರಡು ಗುಡ್ಡ ದಾಟಿ ಮೆಲುಕು ಹಾಕುತ್ತಿರುತ್ತದೆ. ಕಾನೂನು ಪಾಲಿಸುವ ಗಾಡಿ ಬೇಟೆಗಾರನಷ್ಟು ನಿರಪಾಯಕಾರಿ ಪ್ರಾಣಿ ಆ ಕಾಡಿನಲ್ಲಿ ಇನ್ನೊಂದಿಲ್ಲ. ಪಾಲಿಸದವರ ಮಾತು ಬೇರೆ.

ಗಾಡಿ ಎಲ್ಲಿ ಹೋಗಬಹುದು ಅನ್ನುವುದಕ್ಕೆ ಒಂದು ನಕ್ಷೆ ಇದೆ. ಅಮೆರಿಕದ ಅರಣ್ಯ ಸೇವೆಯ ಕೈಯಲ್ಲಿರುವುದು 19.3 ಕೋಟಿ ಎಕರೆ, ನಾಲ್ಕು ಕರ್ನಾಟಕ ಹಿಡಿಸುವಷ್ಟು. 2005ರ ನಿಯಮದ ಪ್ರಕಾರ ಒಂದೊಂದು ವಿಭಾಗಕ್ಕೂ ಮೋಟಾರು ವಾಹನದ ನಕ್ಷೆ ಬಂತು. ಪುಕ್ಕಟೆ ಸಿಗುತ್ತದೆ. ಕಪ್ಪು-ಬಿಳುಪು, ಗುಡ್ಡದ ಎತ್ತರ ತೋರಿಸುವ ಗೆರೆಗಳಿಲ್ಲ, ಯಾವ ದಾರಿ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂಬ ಕೋಷ್ಟಕ ಒಂದು ಮೂಲೆಯಲ್ಲಿ ಇರುವೆ ಸಾಲಿನಂತಿರುತ್ತದೆ. ಇದರ ತತ್ವ ಒಂದೇ: ನಕ್ಷೆಯಲ್ಲಿದ್ದರೆ ದಾರಿ, ಇಲ್ಲದಿದ್ದರೆ ಇಲ್ಲ. ನೆಲದ ಮೇಲೆ ದಾರಿ ಕಂಡರೂ ಇಲ್ಲ, ಫಲಕ ಇಲ್ಲದಿದ್ದರೂ ಇಲ್ಲ. ತಪ್ಪಿದರೆ 5,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು.

ಅದು ಕಾಗದದ ತತ್ವ. ಗಾಲಿಯ ತತ್ವ ಬೇರೆ. ಮೊದಲನೆಯವನು ಹುಲ್ಲಿನ ಮೇಲೆ ಹಾಯುತ್ತಾನೆ, ಎರಡು ಗೆರೆ ಮಲಗುತ್ತವೆ. ಎರಡನೆಯವನು ಗೆರೆ ನೋಡಿ 'ಓ, ದಾರಿ' ಅನ್ನುತ್ತಾನೆ. ಮಳೆ ಬಿದ್ದ ಮರುದಿನ ಮೂರನೆಯವನು ಬಂದಾಗ ಮೆತ್ತನೆ ಹುಲ್ಲುಗಾವಲಿನಲ್ಲಿ ಮೊಣಕಾಲುದ್ದ ಸಾಲು ಬೀಳುತ್ತದೆ. ಆಮೇಲೆ ನೀರಿಗೆ ಅದೇ ಕಾಲುವೆ. ಸ್ಪಂಜಿನ ಹಾಗೆ ನೀರು ಹಿಡಿದಿದ್ದ ಹುಲ್ಲುಗಾವಲು ಆ ಕಾಲುವೆಯಲ್ಲಿ ಬಸಿದು ಒಣಗುತ್ತದೆ, ಜೌಗಿನ ಹುಲ್ಲು ಹೋಗಿ ಒಣನೆಲದ ಕುರುಚಲು ಏಳುತ್ತದೆ. ನಾಲ್ಕನೆಯವನಿಗೆ ಸಾಲು ದಾಟಲಾಗುವುದಿಲ್ಲ, ಪಕ್ಕದಲ್ಲಿ ಹೊಸ ಗೆರೆ ಎಳೆಯುತ್ತಾನೆ. ಐದನೆಯವನು ಅಧಿಕಾರಿಯ ಮುಂದೆ ವಾದಿಸುತ್ತಾನೆ: 'ಸ್ವಾಮಿ, ಇದು ನಮ್ಮ ತಾತನ ಕಾಲದ ದಾರಿ.'

ಕೆಲವು ಜಾಡುಗಳಿಗೆ 50 ಇಂಚು ಅಗಲದ ಮಿತಿ. ಹಳೆಯ ಎಟಿವಿಗಳು ಅದರೊಳಗೆ ನುಸುಳುತ್ತಿದ್ದವು. ಈಗಿನ ಸೈಡ್-ಬೈ-ಸೈಡ್‌ಗಳು 60, 64, ಕೆಲವು 72 ಇಂಚು. ಜಾಡಿನ ಬಾಯಲ್ಲಿ ಅಳೆದು ಎರಡು ಕಂಬ ನೆಟ್ಟಿರುತ್ತಾರೆ. ಕಂಬಗಳು ಅಲ್ಲಾಡುವುದಿಲ್ಲ. ಕಂಬದ ಪಕ್ಕದ ಪೈನ್ ಸಸಿ ಮಾತ್ರ ಒಂದು ಸೀಸನ್ನಿಗೆ ವಾಲುತ್ತದೆ, ಮುಂದಿನ ಸೀಸನ್ನಿಗೆ ಮುರಿದಿರುತ್ತದೆ, ಅದರ ಮುಂದಿನ ಸೀಸನ್ನಿಗೆ ಅಲ್ಲಿ ಸಸಿ ಇತ್ತೆಂಬ ಗುರುತೂ ಇರುವುದಿಲ್ಲ. 14 ಇಂಚಿನ ಸಮಸ್ಯೆಗೆ ಇಷ್ಟು ಸರಳ ಪರಿಹಾರ ಎಂಜಿನಿಯರುಗಳಿಗೂ ಹೊಳೆದಿರಲಿಲ್ಲ.

ಕೆಸರಿನಲ್ಲಿ ಹೂತಾಗ ಇನ್ನೊಂದು ವಿದ್ಯಾಪ್ರದರ್ಶನ. ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಎಂಜಿನ್ನಿನ ಶಕ್ತಿ ದಾಟುವುದು ರಬ್ಬರ್ ಬೆಲ್ಟಿನ ಮೂಲಕ, ನಮ್ಮ ಗೇರಿಲ್ಲದ ಸ್ಕೂಟರಿನಲ್ಲಿ ಇರುವ ಹಾಗೆ. ಕೆಸರಿಗೆ ಲೋ ಗೇರು ಹಾಕಬೇಕು. ಹೈನಲ್ಲೇ ಆಕ್ಸಿಲೇಟರ್ ತುಳಿದರೆ ಗಾಲಿ ತಿರುಗದೆ ಬೆಲ್ಟ್ ಜಾರಿ, ಕಾದು, ಸುಟ್ಟ ರಬ್ಬರಿನ ವಾಸನೆ ಬಂದು, ಪಟ್ ಅನ್ನುತ್ತದೆ. ವಾಸನೆಯಿಲ್ಲದ ಸೋಪಿಗೆ ಕೊಟ್ಟ ದುಡ್ಡು ನೆನಪಾಗಬೇಕಾದ ಗಳಿಗೆ ಇದು. ಬೆಲ್ಟ್ ಉಳಿದಿದ್ದರೆ ವಿಂಚ್, ಅಂದರೆ ಹಗ್ಗ ಸುತ್ತಿ ಗಾಡಿ ಎಳೆಯುವ ಮೋಟಾರು ರಾಟೆ. ಮರಕ್ಕೆ ಅಗಲದ ಪಟ್ಟಿ ಹಾಕಿ ಕೊಕ್ಕೆ ಸಿಕ್ಕಿಸಬೇಕು. ರಾಯರು ಉಕ್ಕಿನ ಹಗ್ಗವನ್ನೇ ಸುತ್ತಿ ಎಳೆಯುತ್ತಾರೆ. ತೊಗಟೆ ಬಳೆಯಂತೆ ಸುಲಿದು ಬರುತ್ತದೆ. ಗಾಡಿ ಮೇಲೆ ಬರುತ್ತದೆ, ಮರ ಕ್ರಮೇಣ ಸಾಯುತ್ತದೆ.

ಇದಕ್ಕೆಲ್ಲ ರಾಯರ ಬಳಿ ಒಂದು ಉತ್ತರ ಉಂಟು: ಮಾಂಸ ಹೊರುವವರು ಯಾರು? ಇದು ಹಗುರ ಪ್ರಶ್ನೆಯಲ್ಲ. ಎಲ್ಕ್ ಬಿದ್ದ ಕೂಡಲೇ ಚರ್ಮ ಸುಲಿಯಬೇಕು, ದಪ್ಪ ತುಪ್ಪಳ ಕಾವನ್ನು ಹಿಡಿದಿಡುತ್ತದೆ. ತಡವಾದರೆ ತೊಡೆಯ ಮೂಳೆಯ ಸುತ್ತ ಮೊದಲು ಹುಳಿ ವಾಸನೆ. ಕಾಲುಗಳನ್ನು ಬಿಡಿಸಿ, ಗಾಳಿಯಾಡುವ ಬಟ್ಟೆಚೀಲಕ್ಕೆ ಹಾಕಿ ನೆರಳಿಗೆ ತೂಗಬೇಕು. ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಬೆವೆತು ಕೆಡುತ್ತದೆ. ಆಮೇಲೆ ಲೆಕ್ಕ: ಒಬ್ಬನೇ ಇದ್ದರೆ ಐದು ಹೊರೆ. ದಾರಿಯಿಂದ ಮೂರು ಕಿಲೋಮೀಟರ್ ಒಳಗೆ ಹೊಡೆದಿದ್ದರೆ ಹೊರಗೆ ಐದು ಸಲ, ಒಳಗೆ ನಾಲ್ಕು ಸಲ, ಒಟ್ಟು 27 ಕಿಲೋಮೀಟರ್. ಅದಕ್ಕೇ ಕೆಲವು ಕಾಡುಗಳು, ಗೊತ್ತುಮಾಡಿದ ದಾರಿಯಿಂದ ಇಂತಿಷ್ಟು ದೂರದವರೆಗೆ, ಬಿದ್ದ ಪ್ರಾಣಿಯನ್ನು ತರಲು ಮಾತ್ರ ಗಾಡಿ ಬಿಡುತ್ತವೆ. ರಾಯರು 'ತರಲು ಮಾತ್ರ' ಅನ್ನುವುದನ್ನು ಉದಾರವಾಗಿ ಓದಿಕೊಳ್ಳುತ್ತಾರೆ. ತರುವುದಕ್ಕೆ ಹೋಗುತ್ತಾರೆ, ಹೋದ ಮೇಲೆ ಏನು ತರಬಹುದೆಂದು ಹುಡುಕುತ್ತಾರೆ. ಇನ್ನು 1964ರ ಕಾಯ್ದೆಯ ಪ್ರಕಾರ ಕಾಡನ್ನು ಕಾಡಾಗಿಯೇ ಬಿಟ್ಟ ವಿಲ್ಡರ್‌ನೆಸ್ ಪ್ರದೇಶಗಳಲ್ಲಿ ಮೋಟಾರು ಬಿಡಿ, ಕೈಗಾಡಿಯ ಚಕ್ರವೂ ಉರುಳುವ ಹಾಗಿಲ್ಲ. ಬೆನ್ನು, ಇಲ್ಲವೇ ಕುದುರೆ.

'ಈ ಕಾಡು ಉಳಿದಿರುವುದೇ ಬೇಟೆಗಾರರ ದುಡ್ಡಿನಿಂದ' ಎಂಬ ಮಾತೂ ಬರುತ್ತದೆ. ಪೂರ್ತಿ ಸುಳ್ಳಲ್ಲ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ರೈಫಲ್ಲು, ತೋಟಾಗಳ ಮೇಲಿನ ಶೇ. 11 ತೆರಿಗೆ ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ. ಆ ತೆರಿಗೆಯ ಪಟ್ಟಿಯಲ್ಲಿ ಗಾಡಿ ಇಲ್ಲ ಅಷ್ಟೆ.

ಸಂಜೆ ರಾಯರು ಇಳಿದು ಬರುವಾಗ ದಾರಿಬದಿಯಲ್ಲಿ ಖಾಲಿ ಬೆನ್ನಿನ ಕಾಲ್ನಡಿಗೆಯವನು ಸಿಗುತ್ತಾನೆ. ರಾಯರು ಮರ್ಯಾದಸ್ಥರು, ಎಂಜಿನ್ ಆರಿಸದೆಯೇ ಬಗ್ಗಿ ಕೇಳುತ್ತಾರೆ: 'ಏನಾದ್ರೂ ಕಂಡ್ವಾ?' ಅವನು ಉತ್ತರಿಸುವ ಮೊದಲೇ ತಾವೇ ಹೇಳುತ್ತಾರೆ: 'ಈ ಕಾಡಲ್ಲಿ ಈಗ ಎಲ್ಕೇ ಇಲ್ಲ ಬಿಡಿ.' ಎಲ್ಕ್ ಇವೆ. ಬೇಲಿಯಾಚೆ, ರ್‍ಯಾಂಚಿನ ಹುಲ್ಲಿನಲ್ಲಿ ತಲೆತಗ್ಗಿಸಿ ಮೇಯುತ್ತಿವೆ. ನಮ್ಮ ಕಡೆ ಬೇಟೆಯಲ್ಲಿ ಹಳು ನುಗ್ಗಿದವನಿಗೆ ಮಾಂಸದಲ್ಲಿ ಪಾಲಿತ್ತು, ಅವನ ನಾಯಿಗೂ ಒಂದು ಪಾಲಿತ್ತು. ರ್‍ಯಾಂಚಿನವರು ಈವರೆಗೆ ರಾಯರಿಗೆ ಒಂದು ಮೂಳೆಯನ್ನೂ ಕಳಿಸಿಲ್ಲ.