ಪ್ರಾಯ ಎಷ್ಟಾಯ್ತು?

ಎಂಪಿಎಚ್, ಅಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ, ಓದುವವರು ಸರ್ವೇಗೆ ಮನೆಮನೆಗೆ ಹೋಗಿ ಬಾಯಿಬಿಟ್ಟು ಕೇಳುವ ಮೊದಲ ಪ್ರಶ್ನೆ ವಯಸ್ಸು. ಹೆಸರನ್ನು ಎಥಿಕ್ಸ್ ಕಮಿಟಿಯವರು ಮೊದಲೇ ತೆಗೆಸಿ ಅಲ್ಲೊಂದು ನಂಬರ್ ಹಾಕಿಸಿರುತ್ತಾರೆ. ಬಿಪಿ, ಶುಗರ್, ಅಡುಗೆಗೆ ಉಪ್ಪು ಎಷ್ಟು, ದಿನಕ್ಕೆ ಎಷ್ಟು ಬೀಡಿ ಕಟ್ಟುತ್ತೀರಿ ಎನ್ನುವುದೆಲ್ಲ ಆಮೇಲೆ. ಕೋಬೊ ಟೂಲ್‌ಬಾಕ್ಸ್ ಎಂಬ ಸರ್ವೇ ಸಾಫ್ಟ್‌ವೇರಿನಲ್ಲಿ ಫಾರಂ ತಯಾರಿಸುವಾಗ ಈ ಖಾನೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅಂಕಿ ಮಾತ್ರ ಬೀಳಬೇಕು ಅಂತ ಹೇಳಿ, 18ಕ್ಕಿಂತ ಕಡಿಮೆ ಬೇಡ, 99ಕ್ಕಿಂತ ಜಾಸ್ತಿ ಬೇಡ ಅಂತ ಮಿತಿ ಹಾಕಿ, ಪಕ್ಕದಲ್ಲೊಂದು ಕೆಂಪು ನಕ್ಷತ್ರ ಬರುವಂತೆ ಮಾಡಿದರೆ ಆಯಿತು. ನಕ್ಷತ್ರ ಇದ್ದಲ್ಲಿ ಉತ್ತರ ತುಂಬದೆ ಫೋನು ಮುಂದಕ್ಕೆ ಬಿಡುವುದಿಲ್ಲ.

ಮಣಿಪಾಲದ ಹಾಸ್ಟೆಲ್ ಕೋಣೆಯಲ್ಲಿ ಕೂತು ಪರೀಕ್ಷೆ ಮಾಡಿದಾಗ ಎಲ್ಲ ಸರಿ ಇರುತ್ತದೆ. ಗೆಳತಿಯರು ಟಪಟಪನೆ 23, 24 ಅಂತ ಒತ್ತುತ್ತಾರೆ. ಪೆರ್ಡೂರು ಕಡೆಯ ಒಂದು ಮನೆಯ ಜಗಲಿಗೆ ಹೋಗಿ ಕೂತಾಗ ಕಥೆ ಬೇರೆ. ಮೊದಲು ನೀರು, ಬೆಲ್ಲ ಬರುತ್ತದೆ. ಆಮೇಲೆ ಅಜ್ಜಿ ಬಂದು ಗೋಡೆಗೆ ಒರಗಿ ಕಾಲು ಚಾಚಿ ಕೂರುತ್ತಾರೆ. ಪ್ರಾಯ ಎಷ್ಟಾಯ್ತು ಅಜ್ಜಿ ಅಂತ ಕೇಳಿದರೆ ನಗುತ್ತಾರೆ.

“ಅದೆಲ್ಲ ಯಾರು ಬರೆದಿಟ್ಟಿದ್ದಾರೆ ಮಗಾ? ನೀನೇ ಒಂದು ಹಾಕು.”

ಒಳಗಿನಿಂದ ಸೊಸೆಯ ದನಿ: “ಎಪ್ಪತ್ತು ಹಾಕಿ ಅಕ್ಕ.”

“ಎಪ್ಪತ್ತು ಎಂಥದ್ದು! ನನ್ನ ದೊಡ್ಡ ಮಗನಿಗೇ ಅರವತ್ತು ಹತ್ತಿರ ಬಂತಲ್ಲ.”

ಸರಿ, ದೊಡ್ಡ ಮಗ ಹುಟ್ಟಿದ್ದು ಯಾವಾಗ? ಅಜ್ಜಿ ಒಂದು ಕ್ಷಣವೂ ಯೋಚಿಸಲಿಲ್ಲ. ಪೇಜಾವರ ಸ್ವಾಮಿಗಳ ಎರಡನೇ ಪರ್ಯಾಯದಲ್ಲಿ. ಮಗು ಹೊಟ್ಟೆಯಲ್ಲಿದ್ದಾಗ ಪರ್ಯಾಯದ ಮೆರವಣಿಗೆ ನೋಡಲು ಹೋಗಬೇಡ ಅಂತ ಅತ್ತೆ ತಡೆದಿದ್ದರಂತೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಈಗ ಲೆಕ್ಕ ಮಾಡಿ. ಉಡುಪಿಯ ಎಂಟು ಮಠಗಳಿಗೆ ಕೃಷ್ಣನ ಪೂಜೆಯ ಸರದಿ, ಅಂದರೆ ಪರ್ಯಾಯ, ಎರಡೆರಡು ವರ್ಷ. ಹಿಂದೆ ಎರಡೆರಡು ತಿಂಗಳಿದ್ದದ್ದನ್ನು 16ನೇ ಶತಮಾನದಲ್ಲಿ ವಾದಿರಾಜರು ಎರಡು ವರ್ಷ ಮಾಡಿದರು. ಹಾಗಾಗಿ ಒಂದು ಮಠಕ್ಕೆ ಸರದಿ ಮತ್ತೆ ಬರಲು 16 ವರ್ಷ ಬೇಕು. ಪೇಜಾವರ ಸ್ವಾಮಿಗಳಾಗಿದ್ದ ವಿಶ್ವೇಶತೀರ್ಥರ ಪರ್ಯಾಯಗಳು 1952, 1968, 1984, 2000, 2016. ಎರಡನೆಯದು ಅಂದರೆ 1968ರ ಜನವರಿಯಲ್ಲಿ ಶುರುವಾದದ್ದು. ಹೊಟ್ಟೆಯಲ್ಲಿದ್ದಾಗ ಮೆರವಣಿಗೆ ತಪ್ಪಿತು ಅಂದ ಮೇಲೆ ಮಗ ಹುಟ್ಟಿದ್ದು ಆ ವರ್ಷವೇ. ಮದುವೆಯಾಗಿ ಎರಡು ಮಳೆಗಾಲ ಕಳೆದ ಮೇಲೆ ಮಗು, ಮದುವೆಯಾಗುವಾಗ ಹದಿನೆಂಟೋ ಹತ್ತೊಂಬತ್ತೋ. ಅಜ್ಜಿ ಹುಟ್ಟಿದ್ದು 1947ರ ಆಚೀಚೆ. ಸೊಸೆ ಹೇಳಿದ್ದಕ್ಕಿಂತ ಏಳೆಂಟು ವರ್ಷ ಜಾಸ್ತಿಯೇ ಆಯಿತು.

ಅಷ್ಟರಲ್ಲಿ ಸೊಸೆ ಕಪಾಟಿನಿಂದ ಪ್ಲಾಸ್ಟಿಕ್ ಕವರಿನಲ್ಲಿದ್ದ ಆಧಾರ್ ಕಾರ್ಡ್ ತಂದು ಮುಂದೆ ಹಿಡಿದರು. ಜನವರಿ 1, 1955. ನಮ್ಮ ದೇಶದಲ್ಲಿ ಜನವರಿ ಒಂದಕ್ಕೆ ಹುಟ್ಟಿದ ಅಜ್ಜ ಅಜ್ಜಿಯರು ಎಷ್ಟು ಜನರೋ! ಶಾಲೆಗೆ ಹೋದವರಾದರೆ ಜೂನ್ 1. ಮಕ್ಕಳನ್ನು ಸೇರಿಸಿಕೊಳ್ಳುವ ದಿನ ಮೇಷ್ಟ್ರು ಹುಡುಗನ ಎತ್ತರ ನೋಡಿ, ಒಂದನೇ ಕ್ಲಾಸಿಗೆ ಬೇಕಾದ ಪ್ರಾಯ ಲೆಕ್ಕ ಹಾಕಿ, ಅವತ್ತಿನ ತಾರೀಖನ್ನೇ ಬರೆದುಬಿಡುತ್ತಿದ್ದರು. ಪ್ರತಿ ಜೂನ್ ಒಂದಕ್ಕೆ ನಮ್ಮ ಕುಟುಂಬದ ವಾಟ್ಸ್ಯಾಪ್ ಗ್ರೂಪಿನಲ್ಲಿ ಚಿಕ್ಕಪ್ಪ, ಸೋದರಮಾವ, ದೊಡ್ಡಮ್ಮ ಎಲ್ಲರಿಗೂ ಒಟ್ಟಿಗೆ ಕೇಕಿನ ಚಿತ್ರ ಬರುತ್ತದೆ. ಅವರೂ ಗಂಭೀರವಾಗಿ ಥ್ಯಾಂಕ್ಸ್ ಹೇಳುತ್ತಾರೆ.

ಕಾರ್ಡಿನದ್ದು ಹಾಕಲೋ, ಪರ್ಯಾಯದ್ದು ಹಾಕಲೋ? ಕಾರ್ಡು ಸರಕಾರದ್ದು. ಆದರೆ ಅದರ ಪ್ರಕಾರ ಅಜ್ಜಿ ಹದಿಮೂರಕ್ಕೆ ತಾಯಿಯಾಗಿರಬೇಕು. ನಾನು ಪರ್ಯಾಯವನ್ನೇ ನಂಬಿದೆ. ಹೀಗೆ ಮಾಡುವುದು ನಮ್ಮ ಶಾಸ್ತ್ರಕ್ಕೆ ಹೊಸತೂ ಅಲ್ಲ. ಹುಟ್ಟಿದ ತಾರೀಖು ಗೊತ್ತಿಲ್ಲದ ಕಡೆ ಊರಿನ ದೊಡ್ಡ ಘಟನೆಗಳ ಪಟ್ಟಿ ಮಾಡಿಕೊಂಡು ವಯಸ್ಸು ಅಂದಾಜು ಮಾಡಿ ಅಂತ ಸರ್ವೇ ಕೈಪಿಡಿಗಳೇ ಹೇಳುತ್ತವೆ. ನೆರೆ, ಬರ, ಚುನಾವಣೆ, ಹಬ್ಬ, ಏನಾದರೂ ಆಗುತ್ತದೆ. ನಮ್ಮ ಜಿಲ್ಲೆಯಲ್ಲಿ ಅಂಥದ್ದಕ್ಕೆ ಬರಗಾಲ ಇಲ್ಲ. ಉಡುಪಿ ಬೇರೆ ಜಿಲ್ಲೆಯಾದ 1997, ಕೊಂಕಣ ರೈಲು ಪೂರ್ತಿ ಓಡಲು ಶುರುವಾದ 1998, ಇಂದಿರಾ ಗಾಂಧಿ ತೀರಿಹೋದ 1984. ಇವೆಲ್ಲಕ್ಕಿಂತ ಗಟ್ಟಿಯಾದ ಗುರುತು ಮಾತ್ರ ಡಿಕ್ಲರೇಶನ್.

ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1974ರ ಭೂಸುಧಾರಣೆಯ ತಿದ್ದುಪಡಿ ಬಂದ ಮೇಲೆ ಗೇಣಿದಾರರು ಫಾರಂ ನಂಬರ್ 7 ತುಂಬಿ, ತಾವು ಉಳುವ ಭೂಮಿ ತಮಗೆ ಬೇಕು ಅಂತ ಕೇಳಿದರು, ಅದೇ ಡಿಕ್ಲರೇಶನ್. ಅಜ್ಜಿಗೆ ಆ ಫಾರಮಿನ ನಂಬರ್ ಇವತ್ತಿಗೂ ಬಾಯಿಪಾಠ. ತಾಲೂಕು ಕಚೇರಿಗೆ ಗಂಡನ ಜೊತೆ ಹೋಗಿದ್ದರು, ಸಣ್ಣ ಮಗಳು ಸೊಂಟದ ಮೇಲಿದ್ದಳು, ವಾಪಸ್ ಬರುವಾಗ ಬಸ್ಸಿಗೆ ದುಡ್ಡು ಸಾಲದೆ ಅರ್ಧ ದಾರಿ ನಡೆದರು. ಈಗ ನಾವು ಕೂತ ಜಗಲಿಯ ಅಡಿಯ ನೆಲ ಬಂದದ್ದು ಆ ಒಂದು ಹಾಳೆಯಿಂದ. ಹಾಗಾಗಿ ಫಾರಂ ಅಂದರೆ ಅವರಿಗೆ ಸಣ್ಣ ವಿಷಯ ಅಲ್ಲ. ನನ್ನ ಫೋನನ್ನು ಗೌರವದಿಂದ ನೋಡಿ ಕೇಳಿದರು: “ಇದು ತುಂಬಿದರೆ ಎಂತ ಸಿಗ್ತದೆ?”

ಒಪ್ಪಿಗೆ ಪತ್ರದಲ್ಲಿ ಅದಕ್ಕೆ ಉತ್ತರ ಅಚ್ಚಾಗಿದೆ. ಈ ಅಧ್ಯಯನದಲ್ಲಿ ಭಾಗವಹಿಸುವುದರಿಂದ ನಿಮಗೆ ಯಾವುದೇ ನೇರ ಪ್ರಯೋಜನ ಇರುವುದಿಲ್ಲ. ಓದಿ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇರ್ಲಿ, ನಿನಗೆ ಪಾಸಾಗ್ಲಿಕ್ಕೆ ಬೇಕಲ್ವಾ,” ಅಂದರು. ತಿಳಿವಳಿಕೆಯುಳ್ಳ ಒಪ್ಪಿಗೆ ಅಂತ ನಾವು ಪುಟಗಟ್ಟಲೆ ಓದುತ್ತೇವಲ್ಲ, ಇದಕ್ಕಿಂತ ತಿಳಿವಳಿಕೆ ಇನ್ನೇನಿರಲು ಸಾಧ್ಯ?

ಎಲ್ಲರ ಮನೆಯಲ್ಲೂ ಇಷ್ಟು ಕಷ್ಟ ಇಲ್ಲ. ಕಲ್ಯಾಣಪುರ, ಶಿರ್ವ ಕಡೆಯ ಕ್ರೈಸ್ತರ ಮನೆಗಳಲ್ಲಿ ಇಗರ್ಜಿಯ ಜ್ಞಾನಸ್ನಾನದ ದಾಖಲೆ ಇರುತ್ತದೆ, ತಾರೀಖು ಖಚಿತ. ಜಾತಕ ಇರುವ ಮನೆಗಳಲ್ಲಿ ಗಳಿಗೆ ಸಮೇತ ಸಿಗುತ್ತದೆ, ಆದರೆ ಇಸವಿ ಇರಬೇಕು ಅಂತೇನಿಲ್ಲ. ಪರಾಭವ ಸಂವತ್ಸರ ಅಂತ ಮಾತ್ರ ಬರೆದಿದ್ದರೆ 1966 ಆಗಬಹುದು, 2026 ಆಗಬಹುದು, ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದೆ. ಅದೃಷ್ಟಕ್ಕೆ, ಎದುರಿಗೆ ಕೂತವರು ಅರವತ್ತರವರೋ ತೊಟ್ಟಿಲಿನವರೋ ಅಂತ ನೋಡಿದರೆ ಗೊತ್ತಾಗುತ್ತದೆ.

ಸಂಜೆ ಬಸ್ಸು ಮಣಿಪಾಲದ ಗುಡ್ಡ ಹತ್ತುವಾಗ ನೆಟ್‌ವರ್ಕ್ ಬಂದು, ದಿನವಿಡೀ ಫೋನಿನಲ್ಲಿ ಕೂತಿದ್ದ ಫಾರಮುಗಳು ಒಂದೊಂದಾಗಿ ಸರ್ವರಿಗೆ ಹೋಗುತ್ತವೆ. ಅದನ್ನು ನೋಡುವುದೇ ಒಂದು ಸಮಾಧಾನ. ಆಮೇಲಿನ ಬದುಕೆಲ್ಲ ಪರದೆಯ ಮುಂದೆಯೇ. ಪಬ್‌ಮೆಡ್‌ನಲ್ಲಿ ಹುಡುಕಿದ ವೈದ್ಯಕೀಯ ಲೇಖನಗಳನ್ನು ಝೊಟೆರೊ ಎಂಬ ಸಾಫ್ಟ್‌ವೇರಿನಲ್ಲಿ ಕೂಡಿಡುವುದು, ಕೂಡಿಟ್ಟದ್ದನ್ನು ಓದದಿರುವುದು, ಅಂಕಿಅಂಶದ ಲೆಕ್ಕ ಹಾಕುವ ಆರ್ ಎಂಬ ಸಾಫ್ಟ್‌ವೇರ್ ಕಲಿಸುವ ಯೂಟ್ಯೂಬ್ ಮೇಷ್ಟ್ರನ್ನು ಒಂದೂವರೆ ಪಟ್ಟು ವೇಗದಲ್ಲಿ ಕೇಳುವುದು.

ಆ ಆರ್‌ನಲ್ಲಿ ವಯಸ್ಸಿನ ಚಿತ್ರ ಬರೆಸಿದರೆ ಇನ್ನೊಂದು ತಮಾಷೆ. 60, 65, 70ರಲ್ಲಿ ಬಾಳೆಗಿಡಗಳ ನಡುವೆ ಅಡಿಕೆ ಮರ ನಿಂತಹಾಗೆ ಉದ್ದುದ್ದ ಕಂಬಗಳು. ನಡುವಿನ 61, 63, 67ಕ್ಕೆ ಜನವೇ ಇಲ್ಲ. ಕೇಳಿದರೆ ಜನ ಸೊನ್ನೆಗೋ ಐದಕ್ಕೋ ಹೋಗಿ ನಿಲ್ಲುತ್ತಾರೆ. ಇದನ್ನು ಅಳೆಯಲು ವಿಪಲ್ ಸೂಚ್ಯಂಕ ಅಂತಲೇ ಒಂದಿದೆ. 23ರಿಂದ 62ರವರೆಗಿನವರನ್ನು ತೆಗೆದುಕೊಂಡು ಲೆಕ್ಕ ಹಾಕುತ್ತಾರೆ. ಸೊನ್ನೆ, ಐದರ ಮೇಲೆ ವಿಶೇಷ ಪ್ರೀತಿ ಇಲ್ಲದಿದ್ದರೆ 100, ಎಲ್ಲರೂ ಅಲ್ಲಿಯೇ ನಿಂತುಬಿಟ್ಟರೆ 500. ಇದರಲ್ಲಿ ಪಿಂಚಣಿಯ ಪಾಲೂ ಇದೆ ಅಂತ ನನ್ನ ಗುಮಾನಿ. ಸಂಧ್ಯಾ ಸುರಕ್ಷಾಕ್ಕೆ 65 ಆಗಿರಬೇಕು. 64ರಲ್ಲಿ ಯಾರು ತಾನೇ ಉಳಿಯಲು ಬಯಸುತ್ತಾರೆ?

ಇಷ್ಟಕ್ಕೂ ನಮ್ಮ ಇಡೀ ವಿಷಯ ಶುರುವಾದದ್ದೇ ವಯಸ್ಸು ಇಲ್ಲದ ಕಾಗದಗಳಿಂದ. 1662ರಲ್ಲಿ ಜಾನ್ ಗ್ರಾಂಟ್ ಎಂಬ ಲಂಡನ್ನಿನ ಬಟ್ಟೆ ಸಾಮಾನಿನ ವ್ಯಾಪಾರಿ ಊರಿನ ಸಾವಿನ ಪಟ್ಟಿಗಳನ್ನು ಕೂಡಿಸಿ ಲೆಕ್ಕ ಮಾಡಿದ. ಆ ಪಟ್ಟಿಗಳಲ್ಲಿ ಸತ್ತವರ ವಯಸ್ಸೇ ಇರಲಿಲ್ಲ. ಮಕ್ಕಳಿಗೆ ಬರುವ ಕಾಯಿಲೆಗಳಲ್ಲಿ ಎಷ್ಟು ಜನ ಸತ್ತರು ನೋಡಿ, ನೂರರಲ್ಲಿ 36 ಮಕ್ಕಳು ಆರು ವರ್ಷ ತುಂಬುವ ಮೊದಲೇ ಹೋಗುತ್ತಾರೆ ಅಂತ ಅಂದಾಜು ಮಾಡಿದ. ಅವನ ಫೋನಿನಲ್ಲಿ ಕೆಂಪು ನಕ್ಷತ್ರ ಇದ್ದಿದ್ದರೆ ಮೊದಲ ಪುಟವೇ ದಾಟುತ್ತಿರಲಿಲ್ಲ.

ಮುಂದಿನ ಸುತ್ತಿಗೆ ನಾನು ಫಾರಮಿನಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದೆ. ವಯಸ್ಸು ಗೊತ್ತಿಲ್ಲ ಅಂತ ಒತ್ತಿದರೆ ಎಂಟು ಮಠಗಳ ಹೆಸರು ಬರುತ್ತದೆ, ಮಠ ಒತ್ತಿದರೆ ಆ ಮಠದ ಪರ್ಯಾಯದ ವರ್ಷಗಳು. ಆರಿಸಿದರೆ ಲೆಕ್ಕವನ್ನು ಫೋನೇ ಮಾಡಿಕೊಳ್ಳುತ್ತದೆ. ಬೇಡದವರಿಗೆ ಡಿಕ್ಲರೇಶನ್, ರೈಲು, ಚುನಾವಣೆಗಳ ಪಟ್ಟಿ ಬೇರೆ. ಜೂಮ್ ಮೀಟಿಂಗಿನಲ್ಲಿ ಇದನ್ನು ತೋರಿಸಿದಾಗ ಹೊರ ರಾಜ್ಯದ ಪರೀಕ್ಷಕರೊಬ್ಬರು ಕನ್ನಡಕ ಸರಿಮಾಡಿಕೊಂಡು, ಈ ಸಾಧನ ಮೊದಲು ಎಲ್ಲಾದರೂ ಬಳಕೆಯಾಗಿದೆಯೇ ಅಂತ ಕೇಳಿದರು. ನಮ್ಮ ಗೈಡ್ ಉಡುಪಿಯವರು. 16ನೇ ಶತಮಾನದಿಂದ ಇದೆ ಸರ್, ಈವರೆಗೆ ಕೆಟ್ಟಿಲ್ಲ ಅಂದರು. ಪರೀಕ್ಷಕರು ಏನೋ ಹೇಳುತ್ತಿದ್ದರು, ಆದರೆ ಅವರ ಮೈಕ್ ಮ್ಯೂಟ್ ಆಗಿತ್ತು.