ಬೈದು ನಿಲ್ಲಿಸುವ ಎರರೇ ವಾಸಿ

ಒಬ್ಬೊಬ್ಬರಿಂದ ಹಲವು ಸಲ ಪಡೆದ ಅಳತೆಗಳಂಥ ಗುಂಪುಗುಂಪಾದ ದತ್ತಾಂಶಕ್ಕೆ ಬಳಸುವ ಸಂಖ್ಯಾಶಾಸ್ತ್ರದ ವಿಧಾನ ಮಿಕ್ಸೆಡ್ ಮಾಡೆಲ್. ಅದನ್ನು ಓಡಿಸುವವರಿಗೆಲ್ಲ ಎರರ್ ಅಂದರೆ ಭಯ. ನನಗೋ ಅದರ ಮೇಲೆ ಒಂಥರಾ ಗೌರವ. ಯಾವ ಸಾಲು ಯಾರದು ಎಂದು ಗುಂಪು ಮಾಡಲು ವ್ಯಕ್ತಿಯ ಐಡಿ ಕೊಡಬೇಕಾದ ಕಡೆ, ಸಾಲಿಗೊಂದರಂತೆ ಇರುವ ಕ್ರಮಸಂಖ್ಯೆಯ ಕಾಲಂ ಕೊಟ್ಟು ನೋಡಿ. ಆರ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶದಲ್ಲಿ ಈ ಕೆಲಸ ಮಾಡುವ ಎಲ್‌ಎಂಇ4 ಪ್ಯಾಕೇಜು ಮುಲಾಜಿಲ್ಲದೆ ಬೈಯುತ್ತದೆ: ಇರುವ ಸಾಲುಗಳಷ್ಟೇ ಗುಂಪುಗಳಿವೆ, ಇದು ಆಗದ ಕೆಲಸ! ಬೈದು ಅಲ್ಲೇ ನಿಂತುಬಿಡುತ್ತದೆ. ತಪ್ಪು ತಿದ್ದಿದರೆ ಮುಗಿಯಿತು.

ನಿದ್ದೆ ಕೆಡಿಸುವುದು ವಾರ್ನಿಂಗು. ಕೋಷ್ಟಕವನ್ನೆಲ್ಲ ಅಚ್ಚುಕಟ್ಟಾಗಿ ಕೊಟ್ಟು, ಕೊನೆಗೆ ಮೆಲ್ಲಗೆ 'ಮಾಡೆಲ್ ಕನ್ವರ್ಜ್ ಆಗಲಿಲ್ಲ', ಅಂದರೆ ಲೆಕ್ಕ ಒಂದು ಉತ್ತರಕ್ಕೆ ಬಂದು ನೆಲೆಯಾಗಲಿಲ್ಲ, ಎನ್ನುತ್ತದೆ. ಊಟ ಬಡಿಸಿ ಆದಮೇಲೆ 'ಉಪ್ಪು ಹಾಕಿದೆನೋ ಇಲ್ಲವೋ' ಅಂದ ಹಾಗೆ. ಉತ್ತರ ಸಿಕ್ಕ ಜಾಗದಲ್ಲಿ ಇನ್ನೂ ಉಳಿದ ಇಳಿಜಾರಿನ, ಅಂದರೆ ಗ್ರೇಡಿಯೆಂಟಿನ, ಮಿತಿ 0.002; ನಮ್ಮದು 0.0023. ಈ ಕೂದಲೆಳೆಗೆ ಒಂದು ಸಂಜೆ ಆಹುತಿ.

ಆಮೇಲೆ ಆಪ್ಟಿಮೈಸರ್, ಅಂದರೆ ಉತ್ತರ ಹುಡುಕುವ ವಿಧಾನ, ಬದಲಿಸುವ ಪರ್ವ. ಬೊಬಿಕಾ ಆಗದಿದ್ದರೆ ನೆಲ್ಡರ್-ಮೀಡ್, ಅದೂ ಆಗದಿದ್ದರೆ 'ಆಲ್‌ಫಿಟ್' ಎಂದು ಸಿಕ್ಕವರನ್ನೆಲ್ಲ ಕರೆಯುವುದು. ಎಲ್ಲರೂ ಹೆಚ್ಚುಕಮ್ಮಿ ಒಂದೇ ಉತ್ತರ ಕೊಟ್ಟರೆ ಆ ವಾರ್ನಿಂಗು ಸುಳ್ಳು ಗಾಬರಿ ಎಂದುಕೊಳ್ಳಬಹುದು. ಹಾಗೆಂದು ಪ್ಯಾಕೇಜಿನ ಕೈಪಿಡಿಯೇ ಹೇಳುತ್ತದೆ. ಗಾಬರಿ ಹುಟ್ಟಿಸಿದ್ದೂ ಅದೇ ಅನ್ನುವುದು ಬೇರೆ ಮಾತು.

ಎಷ್ಟೋ ಸಲ ಮದ್ದು ಇಷ್ಟೆಲ್ಲ ದೂರ ಇರುವುದಿಲ್ಲ. ಆದಾಯ ಲಕ್ಷಗಳಲ್ಲಿ, ವಯಸ್ಸು ಹತ್ತುಗಳಲ್ಲಿ, ಇಸವಿ 2019 ಎಂದು ಹಾಗೇ ತುರುಕಿದರೆ ಪಾಪ ಪ್ಯಾಕೇಜು ಏನು ಮಾಡೀತು? ಇಸವಿಯನ್ನು ಹಾಗೇ ಬಿಟ್ಟರೆ ಇಂಟರ್ಸೆಪ್ಟು, ಅಂದರೆ ಲೆಕ್ಕ ಶುರುವಾಗುವ ಬೆಲೆ, ಸೊನ್ನೆಯ ಇಸವಿಯದಾಗುತ್ತದೆ. ಎರಡು ಸಾವಿರ ವರ್ಷ ಹಿಂದಿನವರ ಮೊಬೈಲ್ ಬಳಕೆಯನ್ನು ಲೆಕ್ಕ ಹಾಕು ಎಂದು ಕಂಪ್ಯೂಟರಿಗೆ ಹೇಳಿದ ಹಾಗಾಯಿತು! ಮೊದಲ ವರ್ಷವನ್ನು ಕಳೆದು, ಉಳಿದದ್ದನ್ನು ಸ್ಕೇಲ್ ಮಾಡಿ ಒಂದೇ ಮಟ್ಟದ ಅಳತೆಗೆ ತಂದರೆ ಅರ್ಧ ಗಲಾಟೆ ಅಡಗುತ್ತದೆ.

ಎಲ್ಲಕ್ಕಿಂತ ಮೋಸಗಾರ ಅಂದರೆ 'ಸಿಂಗ್ಯುಲರ್ ಫಿಟ್': ಅಂದಾಜು ಸಾಧ್ಯವಿರುವ ಮಿತಿಯ ಅಂಚಿಗೇ ಹೋಗಿ ನಿಂತಿದೆ ಎನ್ನುವ ಸೂಚನೆ. ಅದು ವಾರ್ನಿಂಗ್ ಕೂಡ ಅಲ್ಲ, ಬರೀ ಒಂದು ಮೆಸೇಜು. ಇಂಥದೊಂದು ಫಲಿತಾಂಶದಲ್ಲಿ ಗುಂಪುಗಳ ಇಂಟರ್ಸೆಪ್ಟಿಗೂ ಸ್ಲೋಪಿಗೂ (ಏರಿಳಿತದ ದರಕ್ಕೂ) ನಡುವಿನ ಕೋರಿಲೇಶನ್, ಅಂದರೆ ಪರಸ್ಪರ ಸಂಬಂಧ, -1.00 ಎಂದಿದ್ದನ್ನು ನೋಡಿ ನನ್ನ ಸಹೋದ್ಯೋಗಿ, "ಎಷ್ಟು ಗಟ್ಟಿ ಸಂಬಂಧ ಕಣ್ರೀ!" ಎಂದು ಕೈ ಕುಲುಕಿದರು. ಇದ್ದದ್ದು ನಾಲ್ಕೇ ಗುಂಪು. ಅಷ್ಟರಿಂದ ಎರಡು ವೇರಿಯನ್ಸು (ಗುಂಪು ಗುಂಪಿಗೆ ಎಷ್ಟು ವ್ಯತ್ಯಾಸ ಎಂಬ ಅಳತೆ), ಮೇಲೊಂದು ಕೋರಿಲೇಶನ್ನು ಹಿಂಡಲು ಹೊರಟರೆ ಅದು -1 ಎಂಬ ಗೋಡೆಗೆ ಹೋಗಿ ಒರಗಿಕೊಳ್ಳದೆ ಇನ್ನೇನು? ರ‍್ಯಾಂಡಮ್ ಸ್ಲೋಪನ್ನು, ಅಂದರೆ ಗುಂಪಿಗೊಂದು ಸ್ಲೋಪು ಎಂಬುದನ್ನು, ಕೈಬಿಟ್ಟೆವು. ಸಹೋದ್ಯೋಗಿಗೆ ಸ್ವಲ್ಪ ಬೇಜಾರಾಯಿತು.

ಇಷ್ಟೆಲ್ಲ ದಾಟಿ, ಒಂದೂ ದೂರಿಲ್ಲದ ಕೋಷ್ಟಕವನ್ನು ಹಿರಿಯರ ಮುಂದಿಟ್ಟರೆ ಅವರು ಕೇಳಿದ್ದು ಒಂದೇ, ಫಲಿತಾಂಶ ಬರೀ ಆಕಸ್ಮಿಕವೋ ಎಂದು ತೂಗುವ ಸಂಖ್ಯೆ:

"ಪಿ ವ್ಯಾಲ್ಯೂ ಎಲ್ಲಿ?"

"ಈ ಪ್ಯಾಕೇಜು ಕೊಡಲ್ಲ ಸರ್. ಅದಕ್ಕೆ ಬೇಕಾದ ಡಿಗ್ರೀಸ್ ಆಫ್ ಫ್ರೀಡಮ್ ಎಷ್ಟೆಂದು ಖಚಿತವಾಗಿ ಹೇಳಕ್ಕಾಗಲ್ಲ ಅಂತ ಇದನ್ನು ರೂಪಿಸಿದ ಡಗ್ಲಸ್ ಬೇಟ್ಸ್ ಅವರು ಬೇಕಂತಲೇ ಬಿಟ್ಟಿದ್ದಾರೆ."

"ಅವರಿಗೆ ಖಚಿತ ಇಲ್ಲದಿದ್ದರೆ ಬಿಡಿ. ನಮಗೆ ಸ್ಟಾರ್ ಬೇಕು."

ಎಲ್‌ಎಂಇಆರ್‌ಟೆಸ್ಟ್ ಎಂಬ, ಪಿ ವ್ಯಾಲ್ಯೂ ಕೊಡುವ ಪ್ಯಾಕೇಜು ಹಾಕಿದೆ. ಸ್ಯಾಟರ್ತ್‌ವೇಟ್ ವಿಧಾನದ ಡಿಗ್ರೀಸ್ ಆಫ್ ಫ್ರೀಡಮ್ ಅಂದಾಜಿನಲ್ಲಿ, ಪಿ ವ್ಯಾಲ್ಯೂ ತುಂಬ ಚಿಕ್ಕದು ಎನ್ನುವ ಮೂರು ಸ್ಟಾರು ಸಾಲಾಗಿ ಬಂದು ಕೂತವು. ಹಿರಿಯರು ಖುಷಿಯಾಗಿ ಸಹಿ ಹಾಕಿದರು. ಮಾಡೆಲ್ ಕನ್ವರ್ಜ್ ಆಯಿತೇ ಎಂದು ಮಾತ್ರ ಯಾರೂ ಕೇಳಲಿಲ್ಲ.