ಬೆರಳಿಗೆ ವೈರು, ಕಿವಿಗೆ ತೋಡಿ

ಹಾಡು ಕೇಳುವವರ ಮನಸ್ಸಿಗೆ ಮುಟ್ಟಿತೋ ಇಲ್ಲವೋ ಅಂತ ತಿಳಿಯಲು ನಮ್ಮ ಸಂಗೀತ ಕಚೇರಿಗಳಲ್ಲಿ ಹಳೇ ಲೆಕ್ಕವೊಂದಿದೆ. ಮುಂದಿನ ಸಾಲಿನವರು ‘ತ್ಚು ತ್ಚು’ ಅಂದರೆ ರಾಗ ಮುಟ್ಟಿತು. ಹಾಡು ನಿಲ್ಲಿಸಿ ಮೃದಂಗಕ್ಕೇ ಬಿಟ್ಟುಕೊಡುವ ತನಿ ಆವರ್ತನ ಶುರುವಾದ ಕೂಡಲೇ ಜನ ಕ್ಯಾಂಟೀನ್ ಕಡೆ ಎದ್ದರೆ ಮೃದಂಗದವರು ಅರ್ಥ ಮಾಡಿಕೊಳ್ಳುತ್ತಾರೆ. ಇಷ್ಟು ಸಾಲದು ಅಂತ ನನ್ನ ತಂಗಿ ಮಗಳು ಬೆಳಬೆಳಗ್ಗೆ ಮಷಿನ್ ಹಿಡಿದು ಬಂದಳು. ಸೈಕಾಲಜಿ ಪ್ರಾಜೆಕ್ಟಂತೆ.

ಎಡಗೈಯ ಎರಡು ಬೆರಳಿಗೆ ಪಟ್ಟಿ ಸುತ್ತಿದಳು. ಮನಸ್ಸು ಕಲಕಿದರೆ ಬೆರಳ ತುದಿಯಲ್ಲಿ ನಮಗೇ ಗೊತ್ತಾಗದಷ್ಟು ಬೆವರು ಬರುತ್ತದೆ. ಆಗ ಚರ್ಮದಲ್ಲಿ ಕರೆಂಟ್ ಸಲೀಸಾಗಿ ಹರಿದು, ಒಂದೆರಡು ಸೆಕೆಂಡು ತಡವಾಗಿ, ಲ್ಯಾಪ್‌ಟಾಪಿನಲ್ಲಿ ಗೆರೆ ಏಳುತ್ತದೆ.

“ಶಾಕ್ ಹೊಡೆಯಲ್ಲ ತಾನೆ?” ಅಂದೆ. ಗೆರೆ ಎದ್ದೇ ಬಿಟ್ಟಿತು. ಹಾಡು ಇನ್ನೂ ಶುರುವಾಗಿರಲಿಲ್ಲ.

ಈ ಮಷಿನ್‌ಗೆ ಅಳು, ನಗು ಎರಡೂ ಒಂದೇ. ಎಷ್ಟು ಕಲಕಿತು ಅಂತ ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಅದಕ್ಕೇ ಬಲಗೈಗೆ ಪೆನ್ನು, ಎದುರಿಗೊಂದು ಹಾಳೆ. 1980ರಲ್ಲಿ ಜೇಮ್ಸ್ ರಸೆಲ್ ಅನ್ನುವ ಮನಶ್ಶಾಸ್ತ್ರಜ್ಞರು ಭಾವನೆಗಳನ್ನೆಲ್ಲ ಒಂದು ವೃತ್ತದಲ್ಲಿ ಕೂರಿಸಿದರಂತೆ. ಅಡ್ಡಗೆರೆ ಬೇಸರದಿಂದ ಖುಷಿಗೆ, ಉದ್ದಗೆರೆ ಮಂಪರಿನಿಂದ ಉದ್ವೇಗಕ್ಕೆ. ನಮಗೆ ಅನಿಸಿದ ಕಡೆ ಚುಕ್ಕೆ ಇಡಬೇಕು. ಸರಿ, ಶುಭಪಂತುವರಾಳಿ ರಾಗ ಕೇಳಿ ಕಣ್ಣು ತುಂಬಿ ಬರುತ್ತೆ, ಒಳಗೆಲ್ಲೋ ಹಾಯ್ ಅಂತಲೂ ಅನಿಸುತ್ತೆ ಅಲ್ವಾ? ಅದಕ್ಕೆ ಚುಕ್ಕೆ ಎಲ್ಲಿಡಲಿ? ಸುಮ್ನೆ ನಡುವೆ ಇಟ್ಟೆ.

ಆಮೇಲೆ ತೋಡಿ ರಾಗ. ಆಲಾಪನೆ ಮುಗಿದು ಕೃತಿ ಶುರುವಾಗುತ್ತಲೇ ವೈರಿನ ಸಮೇತ ಕೈ ತೊಡೆ ಮೇಲೆ ಬಿತ್ತು.

“ದೊಡ್ಡಮ್ಮಾ, ತಾಳ ಹಾಕ್ಬೇಡ! ಗ್ರಾಫ್ ಹಾಳಾಗತ್ತೆ.”

ಆದಿತಾಳದ ಕೃತಿಯನ್ನು ಕೈ ಅಲ್ಲಾಡಿಸದೆ ಕೇಳುವುದು ಅಂದರೆ ಕೈ ಕಟ್ಟಿ ಎಲೆ ಮುಂದೆ ಕೂರಿಸಿದ ಹಾಗೆ. ಕಾಲ್ಬೆರಳಲ್ಲೇ ಕದ್ದು ಎಣಿಸಿದೆ.

ಅಷ್ಟರಲ್ಲಿ ಬೀದಿ ತುದಿಯಿಂದ ಕಸದ ಆಟೋದ ಹಾಡು ತೇಲಿ ಬಂತು. ಅಡುಗೆಮನೆಯಲ್ಲಿ ಹಿಂದಿನ ದಿನ ಬಿಡಿಸಿದ ಹಲಸಿನ ಹಣ್ಣಿನ ಸಿಪ್ಪೆ ಬಕೆಟ್ ತುಂಬ ಇತ್ತು, ನೊಣ ಬೇರೆ. ಗೆರೆ ಚಂಗನೆ ನೆಗೆದು ಪರದೆಯ ಅಂಚು ಮುಟ್ಟಿತು.

“ವಾವ್! ಹಾಡಿನ ಯಾವ ಸಂಗತಿಗೆ ಇಷ್ಟು ಫೀಲ್ ಆಯ್ತು, ದೊಡ್ಡಮ್ಮಾ?” ಅವಳ ಕಣ್ಣು ಅರಳಿತ್ತು.

“ವೈರು ಬಿಚ್ಚೇ ಮಾರಾಯ್ತಿ, ಆಟೋ ಹೋಗ್ಬಿಡತ್ತೆ!”

ಬಕೆಟ್ ಖಾಲಿ ಮಾಡಿ ಬರುವಷ್ಟರಲ್ಲಿ ಆ ಭಾಗವನ್ನು ಅಳಿಸಿ ಹಾಕಿದ್ದಳು. ಅದೂ ಹಾಡೇ ತಾನೆ, ನನಗೆ ಎಲ್ಲಕ್ಕಿಂತ ಜಾಸ್ತಿ ಮುಟ್ಟಿದ್ದೂ ಅದೇ ಅಂತ ವಾದ ಮಾಡಿ ನೋಡಿದೆ. ಅವಳ ಗೈಡ್ ಒಪ್ಪಲ್ಲವಂತೆ.